ಕರಿಹಲಗೆಯ ಮೇಲಿನ ಅರ್ಧ

ಹುಮನಾಬಾದಿನ ನಮ್ಮ ಓಣಿಯ ತಿರುವಿನಲ್ಲಿ ಒಂದು ಸಣ್ಣ ವಾಚನಾಲಯವಿದೆ. ಅದರ ಹೊರಗೋಡೆಗೆ ಸಿಮೆಂಟಿನ ಕರಿಹಲಗೆ. ಬಸವಕಲ್ಯಾಣದ ಬಸ್ಸು ಹಿಡಿಯುವ ಮೊದಲು ದಿನಾ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಸುದ್ದಿ ಬರೆಯುವುದು ನನ್ನ ಕೆಲಸವಾಗಿತ್ತು. ಯಾರೂ ಕೊಟ್ಟ ಕೆಲಸವಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಹಾಗೆ ಎಳೆದುಕೊಂಡ ಕೆಲಸಗಳನ್ನೇ ಮನುಷ್ಯ ಬಿಡಲಾರ.

ಶುರುವಿನಲ್ಲಿ ನಾವು ನಾಲ್ಕು ಜನ ಗೆಳೆಯರಿದ್ದೆವು. ಹಬ್ಬ ಬಂತೆಂದರೆ ಇದ್ದಿಲ ಪುಡಿಯನ್ನು ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ ಹಲಗೆಗೆ ಬಳಿಯುತ್ತಿದ್ದೆವು. ಕೈ ಹಸಿರುಗಪ್ಪಾಗಿ ಎರಡು ದಿನ ಅನ್ನಕ್ಕೂ ಅದೇ ವಾಸನೆ. ಹಲಗೆಯ ನಡುವೆ ಒಂದು ಗೆರೆ. ಮೇಲಿನ ಅರ್ಧ ಊರಿಗೆ, ಕೆಳಗಿನ ಅರ್ಧ ಜಗತ್ತಿಗೆ. ಆಗ ಇರಾಕಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲ. ಕೆಳಗಿನ ಅರ್ಧದಲ್ಲಿ ಏನು ಬರೆಯಬೇಕೆಂದು ಚಹಾದ ಅಂಗಡಿಯಲ್ಲಿ ಜಗಳವಾಡುತ್ತಿದ್ದೆವು, ಅಮೆರಿಕದ ಅಧ್ಯಕ್ಷರು ನಾಳೆ ಬೆಳಿಗ್ಗೆ ಬಂದು ಓದಿಕೊಂಡು ಹೋಗುತ್ತಾರೆ ಎಂಬಂತೆ. ಆಮೇಲೆ ಒಬ್ಬ ಗುತ್ತಿಗೆದಾರನಾದ, ಒಬ್ಬ ಪಕ್ಷ ಸೇರಿದ, ಇನ್ನೊಬ್ಬ ತೀರಿಕೊಂಡ. ಅವನ ಸುದ್ದಿಯನ್ನು ಮೇಲಿನ ಅರ್ಧದಲ್ಲಿ ನಾನೇ ಬರೆದೆ. ಉಳಿದದ್ದು ನಾನು ಮತ್ತು ಸುಣ್ಣದ ಕಡ್ಡಿ.

ಮೇಲಿನ ಅರ್ಧದ ಗತ್ತೇ ಬೇರೆ. ಅಲ್ಲಿ ನೀರು ಬಿಡುವ ದಿನ, ಕರೆಂಟು ಹೋಗುವ ಹೊತ್ತು, ಎಲ್ಲಕ್ಕಿಂತ ಮೊದಲು ಸಾವು. ಬರೆಯುವ ರೀತಿ ಒಂದೇ: ಯಾರು, ಯಾವ ಊರು, ಮಣ್ಣು ಎಷ್ಟು ಹೊತ್ತಿಗೆ. ನಮ್ಮ ಹೆಣ್ಣುಮಕ್ಕಳನ್ನು ಮುಡಬಿಗೆ, ನಿರ್ಣಾಕ್ಕೆ, ಚಿಟಗುಪ್ಪಕ್ಕೆ ಕೊಟ್ಟಿರುತ್ತಾರೆ. ಹಾಗಾಗಿ ಆ ಊರುಗಳ ಸಾವೂ ನಮ್ಮ ಹಲಗೆಗೇ ಬರಬೇಕು. ಓದಲು ಬರುವವರು ನಿಂತು ಓದುತ್ತಾರೆ, ಬಾರದವರಿಗೆ ಹೇಳುತ್ತಾರೆ, ಮಾತು ಓಣಿಯೊಳಗೆ ಹೋಗುತ್ತದೆ. ಮಣ್ಣಾಗುವ ತನಕ ನೆರೆಯವರು ಒಲೆ ಹಚ್ಚುವುದಿಲ್ಲ. ಆಮೇಲೆ ಸತ್ತವರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹಾಗೆ ಕಟ್ಟಿದ ಬುತ್ತಿಯನ್ನು ತಿರುಗಿ ಮನೆಗೆ ತರಬಾರದು.

ನನ್ನ ಹೆಂಡತಿ ಹೋದಾಗಲೂ ಹಲಗೆಯ ಮೇಲೆ ನಾನೇ ಬರೆದೆ. ಬೇರೆ ಯಾರು ಬರೆಯಬೇಕಿತ್ತು? ಅಕ್ಷರ ಸೊಟ್ಟಗಾಗಿತ್ತು ಎಂದು ಆಮೇಲೆ ಯಾರೋ ಹೇಳಿದರು. ಅಂದು ಹಿಂದಿನ ಓಣಿಯ ಒಬ್ಬ ಮುದುಕಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಕಟ್ಟಿಕೊಂಡು ಬಂದಿದ್ದಳು. ಬೇರೆಯವರ ಹೊಲದಲ್ಲಿ ಕಳೆ ಕೀಳುವ ಹೆಂಗಸು. ಎಲ್ಲರೂ ಅವಳನ್ನು ಆಯಿ ಎನ್ನುತ್ತಾರೆ. ನಾನು ಬೇಡವೆಂದೆ. ಅವಳು ಎದ್ದು ಹೋಗಲಿಲ್ಲ. ನಾನು ಒಂದು ತುತ್ತು ಬಾಯಿಗಿಡುವ ತನಕ ಎದುರಿಗೇ ಕೂತಿದ್ದಳು. ಆಯಿ ಎದ್ದು ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಇಂದಿಗೂ ಹಾಗೆಯೇ.

ಬಸವಕಲ್ಯಾಣದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುತ್ತೇನೆ. ಹುಡುಗರು ಒಳ್ಳೆಯವರು, ನಿದ್ದೆ ಬಂದರೂ ಕಣ್ಣು ತೆರೆದಿರುತ್ತಾರೆ. ಬ್ರಿಟನ್ನಿನ ಫುಟ್‌ಬಾಲ್ ತಂಡಗಳ ಹೆಸರು ಅವರಿಗೆ ಬಾಯಿಪಾಠ. ಸುಡಾನ್ ಎಲ್ಲಿದೆ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಾಮ್ರಾಜ್ಯವೆಂದರೆ ಬರೀ ಸೈನ್ಯವಲ್ಲ, ನಮ್ಮ ಕುತೂಹಲ ಎತ್ತ ತಿರುಗಬೇಕೆಂದು ದೂರದವರು ಗೊತ್ತುಮಾಡುವುದೂ ಸಾಮ್ರಾಜ್ಯವೇ ಎಂದು ಒಂದು ದಿನ ಗಂಟಲು ಹರಿದುಕೊಂಡೆ. ಹಿಂದಿನ ಬೆಂಚಿನ ಹುಡುಗಿ, ಸರ್, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಪೆನ್ನುಗಳೆಲ್ಲ ಕೆಳಗಿಳಿದವು.

ನಮ್ಮ ಭಾಗದವರಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ನನಗೆ ಸಿಟ್ಟು. ನಮ್ಮ ತಲೆಯ ಮೇಲೆ ನಿಜಾಮರಿದ್ದರು, ನಿಜಾಮರ ತಲೆಯ ಮೇಲೆ ಇಂಗ್ಲಿಷರಿದ್ದರು. ನಮ್ಮ ಸೀಮೆಯನ್ನು ಯಾರಿಗೆ ಬಿಡಬೇಕು, ಯಾರಿಂದ ಪಡೆಯಬೇಕು ಎಂದು ಅವರವರೇ ಕೂತು ಮಾತಾಡಿಕೊಂಡರು. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ನಮ್ಮ ಕಡೆಗೆ ವರ್ಷ ತಡವಾಗಿ ಬಂತು. ನನ್ನ ಅಜ್ಜಿಯನ್ನು ಕೇಳಿದರೆ ಅದೂ ಪೂರ್ತಿ ಬಂದಿರಲಿಲ್ಲ. ನಾನು ಕಾಲೇಜು ಓದುವಾಗ ಅವಳ ಮುಂದೆ ಸಾಮ್ರಾಜ್ಯಶಾಹಿ ಎಂಬ ದೊಡ್ಡ ಪದ ಹಿಡಿದುಕೊಂಡು ಕುಣಿದಿದ್ದೆ. ಅವಳು ಎಲೆ ಅಡಿಕೆ ಜಗಿಯುತ್ತ ಅಂದಿದ್ದಳು:

“ಇಂಗ್ರೇಜ ಹ್ವಾದ, ನವಾಬ ಹ್ವಾದ. ಗೌಡನ ಬಾವಿ ಎಲ್ಲಿ ಹೋಗ್ತದ? ಅಲ್ಲೇ ಅದ.”

ಆ ಬಾವಿಯ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಅಜ್ಜಿಯ ಮಾತು ಕೇಳಿದ ಮೇಲೆ ನನ್ನ ದೊಡ್ಡ ಪದ ಸಣ್ಣದಾಗಲಿಲ್ಲ, ಇನ್ನೂ ದೊಡ್ಡದಾಯಿತು. ಇನ್ನೊಬ್ಬರ ನೆಲ, ನೀರು ನನ್ನದೆನ್ನುವವನು ಲಂಡನ್ನಿನಲ್ಲಿದ್ದರೂ ಅವನೇ, ಊರ ಅಗಸೆಯೊಳಗಿದ್ದರೂ ಅವನೇ. ಇದನ್ನು ಯಾರ ಜೊತೆ ಮಾತಾಡಲಿ? ಎಡಪಂಥದ ಗೆಳೆಯರಿಗೆ ಬಾವಿ ಬೇಡ, ನಮ್ಮ ಓಣಿಯ ಹುಡುಗರಿಗೆ ಲಂಡನ್ ಬೇಡ. ಸಂಜೆ ಬಸ್ಸಿನ ಕಿಟಕಿಗೆ ತಲೆಯಿಟ್ಟು ನನ್ನೊಳಗೇ ಮಾತಾಡಿಕೊಂಡು ಬರುತ್ತಿದ್ದೆ. ಪಕ್ಕದವರು ಒಮ್ಮೊಮ್ಮೆ ತಿರುಗಿ ನೋಡುತ್ತಿದ್ದರು.

ಕೆಳಗಿನ ಅರ್ಧವನ್ನು ಮಂದಿ ನಿಂತು ಓದಿದ್ದು ನನಗೆ ನೆನಪಿರುವಂತೆ ಒಂದೇ ಸಲ. ಮೊಜಾಂಬಿಕ್‌ನಿಂದ ತೊಗರಿ ತರಿಸುತ್ತಾರೆ ಎಂದು ಬರೆದ ದಿನ. ನಮ್ಮ ತೊಗರಿಯ ಧಾರಣೆ ಏನಾಗುತ್ತದೆಂದು ಅಡತಿ ಅಂಗಡಿಯವರಿಂದ ಹಿಡಿದು ಕೂಲಿಯವರ ತನಕ ಕೇಳಿದರು. ಆ ಮೊಜಾಂಬಿಕ್ಕಿನ ರೈತನ ತಲೆಯ ಮೇಲೂ ಬಹಳ ಕಾಲ ಬಿಳಿಯರು ಕೂತಿದ್ದರು, ಅವನೂ ನಿಮ್ಮಂಥವನೇ ಎಂದು ನಾನು ಶುರುಮಾಡುವಷ್ಟರಲ್ಲಿ ಜಾಗ ಖಾಲಿ.

ಪ್ಯಾಲೆಸ್ತೀನಿನ ಮೇಲೆ ಬಾಂಬು ಬೀಳತೊಡಗಿದ ಮೇಲೆ ಕೆಳಗಿನ ಅರ್ಧದಲ್ಲಿ ದಿನಾ ಅದನ್ನೇ ಬರೆದೆ. ಬರೆದದ್ದನ್ನೇ ಬರೆಯುತ್ತೀರಲ್ಲ ಎಂದರು. ಬಿದ್ದದ್ದೇ ಬೀಳುತ್ತಿದೆಯಲ್ಲ ಎಂದೆ. ಕೊನೆಗೆ ವಾಚನಾಲಯದ ಅಧ್ಯಕ್ಷರು ನನ್ನನ್ನು ಎದುರಿನ ತಮ್ಮ ಬಟ್ಟೆ ಅಂಗಡಿಗೆ ಕರೆದರು. ದೈವಭಕ್ತರು, ಮೆತ್ತಗೆ ಮಾತಾಡುವವರು. ಚಹಾ ತರಿಸಿದರು. ಚಹಾ ಬಂದಾಗಲೇ ಮಾತು ಕಹಿ ಇದೆ ಎಂದು ತಿಳಿಯಿತು.

“ಸರ, ಮ್ಯಾಲಿಂದು ಬರೀರಿ, ಬ್ಯಾಡ ಅನ್ನಂಗಿಲ್ಲ. ಕೆಳಗಿಂದು ಬಿಡ್ರಿ. ಸತ್ತವರೇನು ನಮ್ಮವರಾ? ನಮಗ್ಯಾಕ್ರಿ ಊರ ಉಸಾಬರಿ?”

ಮಂದಿ ದೂರು ಹೇಳುತ್ತಿದ್ದಾರಂತೆ. ಯಾವ ಮಂದಿ ಎಂದರೆ ಹೇಳಲಿಲ್ಲ. ಆ ಜಾಗಕ್ಕೆ ಒಂದು ಕೋಚಿಂಗ್ ಕ್ಲಾಸಿನವರು ಜಾಹೀರಾತು ಕೇಳಿದ್ದಾರೆ, ವಾಚನಾಲಯಕ್ಕೂ ಪತ್ರಿಕೆ ತರಿಸಲು ಅನುಕೂಲ ಎಂದರು. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಸಿಟ್ಟು ಬಂದಾಗ ನಾನು ವಿಚಾರ ಮಾಡುವವನಲ್ಲ ಎಂದು ಅವರಿಗೂ ಗೊತ್ತಿತ್ತು. ಹಲಗೆಯ ಆ ಅರ್ಧ ಹೋದರೆ ಈ ಊರಿನಲ್ಲಿ ನನ್ನ ಪಾಲಿಗೆ ಮಾತಾಡಲು ಏನೂ ಉಳಿಯುವುದಿಲ್ಲ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಫೋನಿನಲ್ಲಿ ಗಾಜಾದ ಒಂದು ಮನೆಯ ಸುದ್ದಿ ಓದಿದೆ. ಮಲಗಿದ್ದ ಮನೆಯ ಮೇಲೆ ಬಾಂಬು ಬಿದ್ದಿತ್ತು. ಹಲಗೆಯ ಮುಂದೆ ನಿಂತೆ. ಸತ್ತವರೇನು ನಮ್ಮವರಾ ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಕೆಳಗಿನ ಅರ್ಧವನ್ನು ಖಾಲಿ ಬಿಟ್ಟೆ. ಮೇಲಿನ ಅರ್ಧದಲ್ಲಿ, ಊರಿನ ಸಾವನ್ನು ಬರೆಯುವ ರೀತಿಯಲ್ಲೇ, ದುಂಡಗೆ ಬರೆದೆ: ನಿಧನ. ಒಂದೇ ಮನೆಯವರು. ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು. ಊರು ಗಾಜಾ. ಮಣ್ಣು ಇಂದು.

ಕೈ ಒರೆಸಿಕೊಂಡು ಬಸ್ಸು ಹತ್ತಿದೆ. ಒಂದು ರೀತಿಯ ಸಮಾಧಾನವಿತ್ತು, ಸುಳ್ಳೇಕೆ ಹೇಳಲಿ. ಅಧ್ಯಕ್ಷರು ಓದಲಿ, ಅವರ ಹೊಟ್ಟೆ ಉರಿಯಲಿ ಎಂದೇ ಬರೆದದ್ದು. ಬೇರೆ ಯಾರಾದರೂ ಓದುತ್ತಾರೆಂದು ನಾನು ಎಣಿಸಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಧ್ಯಕ್ಷರ ಫೋನು ಬಂತು. ಅವರ ದನಿ ಏರಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಹಿಂದಿನ ಓಣಿಯಲ್ಲಿ ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲವಂತೆ. ಹೆಂಗಸರು ಕೆಲಸಕ್ಕೆ ಹೋಗಿಲ್ಲವಂತೆ. ಗಾಜಾ ಎಂದರೆ ಮುಡಬಿಯ ಆಚೆಗಿನ ಯಾವುದೋ ಹಳ್ಳಿ, ಓಣಿಯ ಯಾರದೋ ಬೀಗರ ಊರು ಎಂದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸು ಕೇಳಿದ್ದಾರಂತೆ. ಬಡವರನ್ನು ಉಪವಾಸ ಕೆಡವಿದಿರಿ ಎಂದರು. ನಾಳೆಯೇ ಪೇಂಟರನನ್ನು ಕರೆಸುತ್ತೇನೆ ಎಂದರು. ಹೇಳಿದಂತೆಯೇ ಮಾಡಿದರು ಕೂಡ. ಈಗ ಆ ಕೆಳಗಿನ ಅರ್ಧದಲ್ಲಿ ಕೋಟು ಹಾಕಿಕೊಂಡ ಹುಡುಗರು ನಗುತ್ತಿದ್ದಾರೆ.

ಬಸ್ಸಿಳಿದು ಬಂದರೆ ವಾಚನಾಲಯದ ಕಟ್ಟೆಯ ಮೇಲೆ ಆಯಿ ಕೂತಿದ್ದಳು. ಪಕ್ಕದಲ್ಲಿ ಅವಳ ಸೊಸೆ. ಮಡಿಲಲ್ಲಿ ಬಟ್ಟೆಯ ಗಂಟು. ಅಧ್ಯಕ್ಷರು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಯಿ ಬಯ್ಯುತ್ತಾಳೆಂದು ತಲೆ ತಗ್ಗಿಸಿಕೊಂಡೇ ಹೋದೆ. ಅವಳು ಕೇಳಿದ್ದು ಬೇರೆಯೇ.

“ಮಾಸ್ತರ, ಆ ಊರಿಗೆ ಯಾವ ಬಸ್ಸು ಹೋಗ್ತದ್ರಿ? ಯಾರಿಗೂ ಮಾಲೂಮ್ ಇಲ್ಲ ಅಂತಾರ.”

ಬಸ್ಸು ಹೋಗುವುದಿಲ್ಲ, ಸಮುದ್ರದ ಆಚೆ ಎಂದೆ. ದುಬೈ ಕಡೆಯೇ ಎಂದಳು. ಅವಳ ಓಣಿಯ ಇಬ್ಬರು ಅಲ್ಲಿ ಕೂಲಿಗೆ ಹೋಗಿದ್ದಾರೆ. ಅದರಾಚೆ ಎಂದೆ. ಎಲ್ಲರೂ ಒಮ್ಮೆಗೇ ಹೇಗೆ ಸತ್ತರು, ಜಡ್ಡು ಬಂದಿತ್ತೇ ಎಂದು ಸೊಸೆ ಕೇಳಿದಳು. ಮೇಲಿನಿಂದ ಬಾಂಬು ಹಾಕಿದರು ಎಂದೆ. ಯಾಕೆ ಎಂದಳು ಆಯಿ.

ಯಾಕೆ ಎಂಬುದನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಕೊಟ್ಟ ಮಾತಿಗೆ ಕೊಟ್ಟ ಮಾತು ಅಡ್ಡ ಬರುವಂತೆ ಅರಬರು, ಯಹೂದಿಗಳು ಇಬ್ಬರಿಗೂ ಮಾತು ಕೊಟ್ಟು ಹೊರಟುಹೋದ ಇಂಗ್ಲಿಷರು, ಇಂದು ಬಾಂಬು ಕಟ್ಟಿ ಕಳಿಸುವ ದೊಡ್ಡ ದೇಶಗಳು, ನೋಡಿಯೂ ನೋಡದಂತಿರುವ ನಾವು. ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳ ಮುಂದೆ ಅದನ್ನೆಲ್ಲ ಹರವಲು ಬಾಯಿ ಬರಲಿಲ್ಲ.

“ಅವರ ನೆಲ ಇನ್ನೊಬ್ಬರಿಗೆ ಬೇಕಾಗ್ಯಾದ ಆಯಿ,” ಎಂದೆ.

ಅವಳು ತಲೆಯಾಡಿಸಿದಳು. ಮತ್ತೆ ಯಾಕೆ ಎಂದು ಕೇಳಲಿಲ್ಲ. ಅಧ್ಯಕ್ಷರು ಏನೋ ಹೇಳಲು ಎರಡು ಹೆಜ್ಜೆ ಬಂದವರು ನಿಂತುಬಿಟ್ಟರು. ಆಮೇಲೆ ಆಯಿ, ಮಣ್ಣಾಯಿತೋ ಇಲ್ಲವೋ ಹೇಳಿರಿ, ಓಣಿಯಲ್ಲಿ ಒಲೆ ಹಚ್ಚಬೇಕು ಎಂದಳು.

ಫೋನು ತೆಗೆದು ಹುಡುಕಿದೆ. ಬೆಳಗಿನ ಸುದ್ದಿಯ ಮೇಲೆ ಹೊಸ ಸುದ್ದಿಗಳು ಬಂದು ಕೂತಿದ್ದವು. ಎಷ್ಟು ಜನ ಸತ್ತರೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದಿದ್ದವು. ಮಣ್ಣು ಎಷ್ಟು ಹೊತ್ತಿಗೆ, ಮಣ್ಣು ಕೊಡಲು ಯಾರಾದರೂ ಇದ್ದರೇ ಎಂದು ಯಾವುದರಲ್ಲೂ ಇರಲಿಲ್ಲ. ನಾನೂ ಬೆಳಿಗ್ಗೆ ಅದನ್ನು ಹುಡುಕದೆ ‘ಇಂದು’ ಎಂದು ಬರೆದುಬಿಟ್ಟಿದ್ದೆ.

“ಆಗ್ಯಾದ್ರಿ,” ಎಂದೆ.

ಸೊಸೆ ಎದ್ದು ಓಣಿಗೆ ಹೇಳಲು ಹೋದಳು. ಆಯಿ ಮಡಿಲ ಗಂಟನ್ನು ಎತ್ತಿ ನನ್ನ ಕೈಗಿಟ್ಟಳು. ನಾನು ಬೇಡವೆನ್ನುವ ಮೊದಲೇ ಅವಳು ಮಾತು ಮುಗಿಸಿದ್ದಳು.

“ಎಲ್ಲಾರೂ ಹೋದ್ರು ಅಂತ ಓದಿ ಹೇಳಿದ್ರು. ಹಂಗ ಎಲ್ಲಾರೂ ಹೋಗಂಗಿಲ್ಲ, ಒಬ್ಬರರ ಉಳಿದಿರ್ತಾರ ಅಂತ ಬ್ಯಾರೆ ಓಣಿ ಒಲಿ ಮ್ಯಾಲ ರೊಟ್ಟಿ ಬಡದು ಕಟ್ಟೀನಿ. ಇದು ತಿರುಗಿ ಮನಿಗೆ ಒಯ್ಯಬಾರದು. ಸುದ್ದಿ ನಿಮಗ ಬಂದದ ಮಾಸ್ತರ, ನೀವು ಉಣ್ರಿ.”

ಮನೆಗೆ ಬಂದು ಗಂಟು ಬಿಚ್ಚಿದೆ. ರೊಟ್ಟಿ ಒಂದರ ಮೇಲೊಂದು, ನಡುವೆ ಝುಣಕ, ಒಂದು ಉಳ್ಳಾಗಡ್ಡಿ. ಇಡೀ ಮನೆಗೆ ಸಾಲುವಷ್ಟು ಕಟ್ಟಿದ್ದಳು. ಹೆಂಡತಿ ಹೋದಂದು ಕೂತಿದ್ದ ಜಾಗದಲ್ಲೇ ಕೂತೆ. ಎದುರಿಗೆ ಈ ಸಲ ಯಾರೂ ಇರಲಿಲ್ಲ. ಅಳು ಬಂತು, ಅತ್ತೆ. ಆಮೇಲೆ, ಆ ದೂರದ ಮನೆಯಲ್ಲಿ ಉಳಿದ ಒಬ್ಬ ನಾನೇ ಎಂಬಂತೆ, ಒಂದು ರೊಟ್ಟಿ ಮುರಿದು ಉಂಡೆ.