ಇಂಬಳದ ಊಟ

ದೊಡ್ಡತ್ತೆಯ ಪಾದಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ಎಲ್ಲಾ ಇಂಬಳ, ಅಂದರೆ ಮಲೆನಾಡಿನ ಹುಲ್ಲಿನ ಜಿಗಣೆ, ಕಚ್ಚಿದ ಹಳೇ ಗುರುತುಗಳು. ಭಾನುವಾರ ಚರ್ಚಿನಲ್ಲಿ ರೇಷ್ಮೆ ಸೀರೆಯ ಅಂಚಿನ ಕೆಳಗೆ ಅವು ಕಂಡರೆ ಎಂಬರಾಸ್‌ಮೆಂಟ್ ಆಗುತ್ತಿದ್ದದ್ದು ನನಗೆ, ಅವರಿಗಲ್ಲ.

ನನ್ನ ಗಂಡನ ಅಕ್ಕ ಅವರು. ಮದುವೆಯಾಗಲಿಲ್ಲ. ಮಾವನವರು ತೀರಿಕೊಂಡ ಮೇಲೆ ಆನೇಮಹಲಿನಾಚೆಯ ನಮ್ಮ ಪುಟ್ಟ ಕಾಫಿ ಎಸ್ಟೇಟ್ ನೋಡಿಕೊಂಡವರು ಅವರೇ. ಮಕ್ಕಳು ದೊಡ್ಡತ್ತೆ ಅಂತಿದ್ದರು, ನನಗೂ ಅದೇ ಅಭ್ಯಾಸವಾಯಿತು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತು ಬಂದ ನನಗೆ ಮೊದಮೊದಲು ಅವರ ಎಲೆಅಡಿಕೆ, ದೊಡ್ಡ ನಗು ಎಲ್ಲಾ ಸ್ವಲ್ಪ ರಫ್ ಅನ್ನಿಸುತ್ತಿತ್ತು. ಕಾರಿನಲ್ಲಿ ಹೋಗುವಾಗ ಮಕ್ಕಳು ಏನು ಕೇಳಿದರೂ ನಾನು ತಕ್ಷಣ ಕರೆಕ್ಟ್ ಆನ್ಸರ್ ಕೊಟ್ಟುಬಿಡುತ್ತಿದ್ದೆ. ಅವರದು ಬೇರೆ ದಾರಿ. "ನಂಗೇನ್ ಗೊತ್ತು? ಗಾಡಿ ನಿಲ್ಸೋ, ನೋಡಾನ." ಆಲೂರಿಗೆ ಮದುವೆಗೆಂದು ಹೊರಟವರು ದಾರಿಯಲ್ಲಿ ಗೀಜಗ ಗೂಡು ಹೆಣೆಯುವುದನ್ನು ನೋಡುತ್ತಾ ನಿಂತು ಊಟ ತಪ್ಪಿಸಿಕೊಂಡದ್ದೂ ಉಂಟು.

ಎಂಬತ್ತರ ದಶಕದ ಶುರು. ನನ್ನ ಮಗಳಿಗೆ ಆರು ವರ್ಷ. ಹಿಂದಿನ ಮಳೆಗಾಲದಲ್ಲಿ ಅವಳ ಕಣ್ಣುರೆಪ್ಪೆಗೆ ಇಂಬಳ ಹತ್ತಿ, ಬಿಡಿಸುವಷ್ಟರಲ್ಲಿ ಮನೆಯೆಲ್ಲಾ ಕೂಗಾಟ. ಅಲ್ಲಿಂದ ಹುಲ್ಲು ಕಂಡರೆ ಅವಳು ಕಾರಿನಿಂದ ಇಳಿಯುತ್ತಿರಲಿಲ್ಲ. ಪಿಕ್‌ನಿಕ್ ಅಂದರೆ ಅಳು. ಅವಳ ಸಾಕ್ಸಿಗೆ ಓಡಿಕೊಲೋನ್ ಹಾಕಿ ನೋಡಿದೆ. ಪರಿಮಳ ಬಂತು, ಧೈರ್ಯ ಬರಲಿಲ್ಲ. "ಇನ್ಮೇಲೆ ಇವಳನ್ನ ಆಯಾ ಹತ್ರ ಬಿಟ್ಟೇ ಬರೋಣ" ಅಂದುಬಿಟ್ಟರು ನನ್ನ ಗಂಡ.

ಹೀಗಿರುವಾಗ ಮಳೆ ಬಿಟ್ಟ ಒಂದು ಭಾನುವಾರ ಹೇಮಾವತಿ ದಡಕ್ಕೆ ಹೋದೆವು. ಗಂಡ, ಮಗ ಬುಟ್ಟಿ ಹಿಡಿದು ನೀರಿನ ಕಡೆ ನಡೆದರು. ನಾನು ಕಾರಿನ ಪಕ್ಕದಲ್ಲೇ ಉಳಿದೆ. ಮಗಳು ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತಳು. ದೊಡ್ಡತ್ತೆ ಮುಂದಿನ ಬಾಗಿಲು ತೆರೆದು ಕಾಲು ಹೊರಗೆ ಇಳಿಬಿಟ್ಟು ಎಲೆ ಮಡಚುತ್ತಿದ್ದರು. ಅಷ್ಟರಲ್ಲಿ ನೂಲಿನಂಥ ಇಂಬಳವೊಂದು ಅವರ ಪಾದ ಹತ್ತಿತು. ಡ್ರೈವರ್ ಓಡಿ ಬಂದ.

"ಸುಣ್ಣ ಹಚ್ಚಿಬುಡ್ಲಾ ಅಮ್ಮಾ?"

"ತಡಿ ಮಾರಾಯ. ಊಟಕ್ಕೆ ಕುಂತೈತೆ, ಎಬ್ಬಿಸಬ್ಯಾಡ."

ಹಿಂದಿನ ಸೀಟಿನಿಂದ ಸಣ್ಣ ದನಿ. "ನೋಯಲ್ವಾ?"

"ಇಲ್ಲ ಕಣೇ. ಅದೇ ನಂಗೂ ಸೋಜಿಗ."

"ಅದಕ್ಕೆ ಹಲ್ಲಿದೆಯಾ?"

"ನಂಗೇನ್ ಗೊತ್ತು? ನಿನ್ ಕಣ್ಣು ಚುರುಕು, ನೀನೇ ನೋಡಿ ಹೇಳು."

ನನ್ನ ನಾಲಿಗೆ ತುದಿಗೆ ಬಯಾಲಜಿ ಪಾಠವೆಲ್ಲಾ ಬಂದಿತ್ತು. ದೊಡ್ಡತ್ತೆ ನನ್ನತ್ತ ಒಮ್ಮೆ ಕಣ್ಣು ಬಿಟ್ಟರು. ಬಾಯಿ ಮುಚ್ಚಿಕೊಂಡೆ.

ಬಹಳ ಹೊತ್ತು ಹಿಡಿಯಿತು. ಮಗಳು ಮೊದಲು ಸೀಟಿನ ಮೇಲೆ ಮಂಡಿಯೂರಿದಳು, ಆಮೇಲೆ ದೊಡ್ಡತ್ತೆಯ ಭುಜದ ಮೇಲೆ ಗದ್ದ ಊರಿದಳು. ನೂಲಿನಂತಿದ್ದದ್ದು ನೇರಳೆಹಣ್ಣಿನಷ್ಟಾಯಿತು.

"ಅಯ್ಯೋ, ಎಷ್ಟು ದಪ್ಪ ಆಯ್ತು!"

"ಭಾನುವಾರ ಉಂಡಮೇಲೆ ನಿಮ್ಮಪ್ಪ ಆಗಲ್ವಾ, ಹಂಗೇ."

ಮಗು ಕಿಲಕಿಲ ನಗುವಾಗಲೇ ಇಂಬಳ ತಾನಾಗಿ ಕಳಚಿ ಹುಲ್ಲಿಗೆ ಬಿತ್ತು.

"ಎಲ್ಲಿ ಹೋಯ್ತು?"

"ಕೆಳಗೆಲ್ಲೋ ಐತೆ. ನಂಗೆ ಸೊಂಟ ಬಗ್ಗಕಿಲ್ಲ ಕಣವ್ವಾ."

ಎಸ್ಟೇಟಿನ ಇಳಿಜಾರುಗಳಲ್ಲಿ ದಿನವಿಡೀ ಓಡಾಡುವ ಸೊಂಟ ಅದು! ಮಗಳು ಬಾಗಿಲು ತೆರೆದಳು, ಇಳಿದಳು, ಹುಲ್ಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹುಡುಕಿದಳು. "ಇಲ್ಲಿದೆ! ಪಾಪ, ನಡೆಯೋಕೇ ಆಗ್ತಿಲ್ಲ!" ದೊಡ್ಡತ್ತೆಯ ಪಾದದಿಂದ ಇನ್ನೂ ರಕ್ತ ಸೋರುತ್ತಿತ್ತು. ಡ್ರೈವರ್ ಬೀಡಿ ಕಟ್ಟಿನ ಕಾಗದ ಹರಿದು ಗಾಯಕ್ಕೆ ಅಂಟಿಸಿದ.

ನಾಲ್ಕೈದು ವರ್ಷದ ಮೇಲೆ, ಒಂದು ಜುಲೈನಲ್ಲಿ ದೊಡ್ಡತ್ತೆ ಹೋಗಿಬಿಟ್ಟರು. ಹಾರ್ಟ್ ಅಟ್ಯಾಕ್. ಚರ್ಚಿನ ಸಿಮೆಟ್ರಿಯಲ್ಲಿ ಮೊಣಕಾಲೆತ್ತರ ಹಸಿ ಹುಲ್ಲು. ಮಂಗಳೂರಿಂದ ಬಂದ ನೆಂಟರೆಲ್ಲಾ ಇಂಬಳಕ್ಕೆ ಹೆದರಿ ಸಿಮೆಂಟಿನ ದಾರಿಯಲ್ಲೇ ಒತ್ತಾಗಿ ನಿಂತರು, ನಾನೂ. ಮಣ್ಣು ಹಾಕಲು ಮಗಳು ಒಬ್ಬಳೇ ಹುಲ್ಲಿನಲ್ಲಿ ನಡೆದು ಹೋದಳು. ಅಂಚಿನಲ್ಲಿ ಬಗ್ಗಿ, ಅಳುತ್ತಲೇ, ಗುಂಡಿಯೊಳಗೆ ಇಣುಕಿದಳು.

"ಮಮ್ಮಿ, ಮೇಲೆ ಕಪ್ಪು ಮಣ್ಣು, ಕೆಳಗೆ ಪೂರ್ತಿ ಕೆಂಪು. ಯಾಕೆ?"

"ಶ್ಶ್" ಅಂದರು ಯಾರೋ. ನಾನು ಸೀರೆ ಎತ್ತಿ ಹಿಡಿದು, ನೋಡಲು ಹುಲ್ಲಿಗಿಳಿದೆ.