ಗಾಲಿಯ ಮರದ ದೋಣಿ

ನಾನು ಓದು ಬಿಟ್ಟದ್ದು ನಲವತ್ತೆರಡನೇ ಇಸವಿ, ಮಿಡ್ಲ್ ಸ್ಕೂಲು ಮುಗಿಯುವ ಮೊದಲೇ. ಆಗ ಮದ್ದೂರಿನ ರಸ್ತೆ ತುಂಬ ಎತ್ತಿನ ಗಾಡಿಗಳದೇ ಸದ್ದು. ಗಾಡಿ ಮಾಡುವ ಕರೀಂ ಸಾಬರ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿದೆ. ಮೈಯೆಲ್ಲ ಮರದ ಹೊಟ್ಟಿನ ವಾಸನೆ. ಓದುವ ಹುಡುಗರು ಎದುರಾದರೆ ಎದೆ ಸೆಟೆಸಿಯೇ ನಡೆಯುತ್ತಿದ್ದೆ. ಪುಸ್ತಕ ಬಿಟ್ಟರೇನು, ಮರ ಬಲ್ಲೆ ಅನ್ನುವ ಗತ್ತು.

ಮಳೆ ನಿಂತು ಶಿಂಷೆ ತಿಳಿಯಾದ ಮೇಲೆ ಹುಡುಗರು ಪುಟ್ಟ ದೋಣಿ ಕೆತ್ತಿ, ಬಟ್ಟೆಯ ಪಟ ಕಟ್ಟಿ ಹೊಳೆಯಲ್ಲಿ ಪಂದ್ಯಕ್ಕೆ ಬಿಡುತ್ತಿದ್ದರು. ಆ ವರ್ಷ ನನ್ನ ತಮ್ಮ ಸಿದ್ದನೂ ಹೊರಟ. ಅವನಿನ್ನೂ ಸ್ಕೂಲಿಗೆ ಹೋಗುತ್ತಿದ್ದ.

"ಅಣ್ಣೋ, ಎಲ್ರೂ ಬೂರುಗದಲ್ಲಿ ಮಾಡ್ತಾವ್ರೆ. ನಂಗೂ ಒಂದು ತುಂಡು ತಂದ್ಕೊಡು."

"ಬೂರುಗವಾ? ಉಗುರಲ್ಲಿ ಕೆರುದ್ರೆ ಉದುರೋಯ್ತದೆ, ಅದೂ ಒಂದು ಮರವೇನ್ಲಾ? ಗಾಡಿ ಗಾಲಿಗೆ ಆಕೋ ಜಾಲಿ ಕೊಡ್ತೀನಿ ಬುಡು."

ಸಾಬರು ಕಲಿಸಿದಂತೆಯೇ ಆರಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನಬೇಕು, ಕೈಗೆ ಭಾರ ಹತ್ತಬೇಕು, ಮರದ ನಡುವಿನ ಕೆಂಪು ಚೇಗೇ ಆಗಿರಬೇಕು. ಸಾಬರನ್ನು ಕೇಳಿ ಅಂಥದೊಂದು ತುಂಡು ತಂದುಕೊಟ್ಟೆ. ಪಾಪ, ಸಿದ್ದ ಅಂಗೈ ಬೊಬ್ಬೆ ಬರುವಂತೆ ಕೆತ್ತಿದ. "ನಮ್ಮಣ್ಣ ತಂದಿರೋ ಮರ ಕಣ್ರಲಾ" ಎಂದು ಕೇರಿಗೆಲ್ಲ ತೋರಿಸಿದ.

ಪಂದ್ಯದ ದಿನ ಅವ್ವ ಕಟ್ಟಿಕೊಟ್ಟ ಹುರಿಗಡಲೆ ಬೆಲ್ಲ ಜಗಿಯುತ್ತ ನಾನೂ ದಡದಲ್ಲಿ ನಿಂತಿದ್ದೆ. ಸಿದ್ದ ದೋಣಿಯನ್ನು ನೀರಿಗಿಟ್ಟು ಕೈ ಬಿಟ್ಟ. ಅದು ತೇಲಲೇ ಇಲ್ಲ. ಪಟದ ತುದಿ ಒಮ್ಮೆ ಕಂಡು, ಅದೂ ಹೋಯಿತು.

"ಲೋ ಸಿದ್ದ, ನಿಮ್ಮಣ್ಣ ಕೊಟ್ಟಿದ್ದು ಮರವೋ, ಗುಂಡ್ಕಲ್ಲೋ?" ಎಂದು ಒಬ್ಬ ಕೂಗಿದ.

"ಇಸ್ಕೂಲ್ ಬುಟ್ಟೋರ್ನ ಕೇಳುದ್ರೆ ಇಂಗೇ ಕಣ್ಲಾ!" ಎಂದ ಇನ್ನೊಬ್ಬ.

ನನ್ನ ಕಿವಿ ಕಾದವು. ಹುಳು ಹಿಡಿಯದಿರಲೆಂದು ಸಾಬರು ಜಾಲಿಯ ದಿಮ್ಮಿಗಳನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದರು. ತಳ ಸೇರಿದ ಅವನ್ನು ಹಗ್ಗ ಹಾಕಿ ಎಳೆಯುತ್ತಿದ್ದವನು ನಾನೇ. ಕೈಗೆ ಗೊತ್ತಿದ್ದದ್ದು ತಲೆಗೆ ಹೊಳೆದಿರಲಿಲ್ಲ.

ಸಿದ್ದ ನನ್ನ ಮುಖ ನೋಡಿದ. ಆಮೇಲೆ ಅವರತ್ತ ತಿರುಗಿ, "ಅಣ್ಣ ಬೂರುಗನೇ ಸಾಕು ಅಂದಿದ್ದ ಕಣ್ರಲಾ. ನಾನೇ ಅಟ ಮಾಡಿ ಜಾಲಿ ಇಸ್ಕೊಂಡೆ" ಅಂದ.

ನಗೆಯೆಲ್ಲ ಅವನ ಮೇಲೆ ಬಿತ್ತು. ನನ್ನ ಬಾಯಲ್ಲಿ ಕಡಲೆ ಇತ್ತು. ಅದನ್ನು ನುಂಗಲೂ ಇಲ್ಲ, ಉಗುಳಿ ಮಾತಾಡಲೂ ಇಲ್ಲ. ಮನೆಗೆ ಹೋಗುವಾಗ ಅವನು ಆ ಮಾತು ಎತ್ತಲಿಲ್ಲ. ಮುಂದೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ರಸ್ತೆಯಲ್ಲಿ ಗಾಡಿಗಳಿಲ್ಲ, ಹೊಳೆಯಲ್ಲಿ ದೋಣಿ ಬಿಡುವವರಿಲ್ಲ. ಬಾಗಿಲಿಗೆ ಮರ ಕೊಳ್ಳುವವರು ಮೊದಲು ನನ್ನನ್ನೇ ಕೇಳುತ್ತಾರೆ. ದುಡಿದು ಮಾಡಿಕೊಂಡ ಸಾಮಿಲ್ಲು ಒಂದು, ಮನೆ ಎರಡು, ಮಕ್ಕಳು ಮೂವರು. ತಮ್ಮ ಒಬ್ಬನಿದ್ದ, ಈಗಿಲ್ಲ.