ಸೊನ್ಸೆಂಗ್‌ನಿಮ್ ಏಕವಚನದಲ್ಲಿ ಕೂಗಿದ ದಿನ

ಯುರೋಪಿನ ವಿಶ್ವವಿದ್ಯಾಲಯಗಳು ಕೊರಿಯನ್ ಭಾಷೆಯನ್ನು ಚೀನೀ, ಜಪಾನೀ ವಿಭಾಗಗಳ ಹಿಂಬದಿಯ ಒಂದು ಕೋಣೆಯಲ್ಲಿಟ್ಟು ಕಲಿಸುತ್ತಿದ್ದ ಕಾಲದಲ್ಲಿ, ಆ ಕೋಣೆಯ ಬಾಗಿಲು ಮುಚ್ಚದಂತೆ ಕಾದುಕೊಂಡವರಲ್ಲಿ ಮೂಡುಬಿದಿರೆಯ ಜೈನ ಮನೆತನದ ತುಳು ಹೆಣ್ಣುಮಗಳೊಬ್ಬರಿದ್ದರೆಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ಸಿಯೋಲ್‌ನಲ್ಲಿ ವಿದ್ಯಾರ್ಥಿವೇತನ ಪಡೆದು ಓದಿ, ಜರ್ಮನಿಯಲ್ಲೂ ಆಮೇಲೆ ಇಂಗ್ಲೆಂಡಿನಲ್ಲೂ ಕಲಿಸಿ, 2000ದಲ್ಲಿ ಸಿಡ್ನಿಗೂ ಅಲ್ಲಿಂದ ಐದು ವರ್ಷಗಳ ಬಳಿಕ ಮೆಲ್ಬರ್ನಿಗೂ ಬಂದ ಡಾ. ಚಂದ್ರಪ್ರಭಾ ಅವರು ಈ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಅನಂತರ ಸಹೋದ್ಯೋಗಿಯಾಗಿ ಅವರ ನೆರಳಿನಲ್ಲಿ ಬೆಳೆದ ನನಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತಿರುವುದು ಭಾಗ್ಯವೇ ಸರಿ.

ಯುರೋಪಿನ ಆ ವರ್ಷಗಳ ಬಗ್ಗೆ ಮೇಡಂ ಹೆಚ್ಚು ಹೇಳಿಕೊಂಡವರಲ್ಲ. ಒಮ್ಮೆ ಮಾತ್ರ, "ಪ್ರತಿ ವರ್ಷ ಕ್ಲಾಸಿಗೆ ಹೋಗುವಾಗ ಹೆದರಿಕೆಯೇ ಮಾರಾಯ್ತಿ, ಒಳಗೆ ಯಾರಾದ್ರೂ ಇದ್ದಾರಾ ಇಲ್ವಾ ಅಂತ" ಎಂದಿದ್ದರು. ವಿದ್ಯಾರ್ಥಿಗಳಿಲ್ಲದಿದ್ದರೆ ವಿಭಾಗವಿಲ್ಲ, ವಿಭಾಗವಿಲ್ಲದಿದ್ದರೆ ಕೆಲಸವಿಲ್ಲ. ಅಂಥ ಭಯದೊಡನೆ ಬಾಳಿದ್ದರಿಂದಲೋ ಏನೋ, ಬೇರೆಯವರ ಭಯ ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು.

2002ರಲ್ಲಿ ಉಡುಪಿಯಿಂದ ಸಿಡ್ನಿಗೆ ಬಂದ ನಾನು ಪೆಂಡಲ್ ಹಿಲ್‌ನ ಒಂದು ಬಾಡಿಗೆ ಮನೆಯಲ್ಲಿ ಇತರ ಹುಡುಗಿಯರೊಂದಿಗಿದ್ದೆ. ಕೊರಿಯನ್ ಓದುತ್ತಿದ್ದೆ, ಬರೆಯುತ್ತಿದ್ದೆ. ಬಾಯಿ ತೆರೆಯಲು ಮಾತ್ರ ಆಗುತ್ತಿರಲಿಲ್ಲ. ಆ ಭಾಷೆಯಲ್ಲಿ ಕೇಳುವವರ ವಯಸ್ಸು, ಸ್ಥಾನಗಳನ್ನು ನೋಡಿ ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ನಮ್ಮ ‘ಬಾ’, ‘ಬನ್ನಿ’ಗಳಿಗಿಂತಲೂ ಹೆಚ್ಚಿನ ಮೆಟ್ಟಿಲುಗಳು ಅಲ್ಲಿವೆ. ‘ಸೊನ್ಸೆಂಗ್’ ಎಂದರೆ ಗುರು. ಅದಕ್ಕೆ ಗೌರವದ ‘ನಿಮ್’ ಸೇರಿಸದೆ ಯಾರೂ ಮೇಡಂ ಅವರನ್ನು ಕರೆಯುವಂತಿರಲಿಲ್ಲ. ಈ ವಿಷಯದಲ್ಲಿ ಅವರದು ಬಲು ಬಿಗಿ. ಮೌಖಿಕ ಪರೀಕ್ಷೆಯ ಬೆಳಗ್ಗೆ ನಾನು ಜ್ವರವೆಂದು ಹೇಳಿ ಮಲಗಿಬಿಟ್ಟೆ. ಸಂಜೆ ಬಾಗಿಲು ತೆರೆದರೆ ಮೇಡಂ! ಕೈಯಲ್ಲಿ ಗಂಜಿಯ ಪಾತ್ರೆ. ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ. ಊಟ ಬಡಿಸಿ, ಪಕ್ಕದಲ್ಲಿ ಕುಳಿತು, ಮನೆಯ ಸುದ್ದಿಯನ್ನೆಲ್ಲ ಕೊರಿಯನ್ನಿನಲ್ಲೇ ಕೇಳಿದರು. ನಾನು ಉತ್ತರಿಸುತ್ತ ಹೋದೆ. ಹೊರಡುವಾಗ, "ಆಯ್ತಲ್ಲ, ನಿನ್ನ ಪರೀಕ್ಷೆ ಮುಗೀತು" ಎಂದರು.

ಮೆಲ್ಬರ್ನಿಗೆ ಹೋದ ಮೇಲೆ ಅವರು ನನ್ನನ್ನೂ ಅಲ್ಲಿಗೆ ಕರೆಸಿಕೊಂಡರು. ಪ್ರತಿ ಬೇಸಗೆಯಲ್ಲಿ, ತರಗತಿಗಳು ತೊಡಗುವ ಮುನ್ನ, ವಿದ್ಯಾರ್ಥಿಗಳನ್ನೂ ನಗರದ ಕೊರಿಯನ್ ಹಿರಿಯರನ್ನೂ ಬೆಟ್ಟದ ಮೇಲಿನ ಒಂದು ವಸತಿಗೃಹದಲ್ಲಿ ಜೊತೆಗಿರಿಸಿ ಮಾತನಾಡಿಸುವ ಶಿಬಿರವನ್ನು ಆರಂಭಿಸಿದವರು ಅವರೇ. ಇಂಗ್ಲಿಷ್ ಬಾರದ ಆ ಅಜ್ಜ ಅಜ್ಜಿಯರು ನಮ್ಮ ವಿಭಾಗದ ನಿಜವಾದ ಪುಸ್ತಕಗಳೆಂದು ಅವರು ಹೇಳುತ್ತಿದ್ದರು.

ಈ ವರ್ಷದ ಫೆಬ್ರವರಿಯ, ಕಾಡ್ಗಿಚ್ಚಿನ ಆ ಶನಿವಾರವನ್ನು ಮೆಲ್ಬರ್ನಿನವರಿಗೆ ನಾನು ವಿವರಿಸಬೇಕಾಗಿಲ್ಲ. ಬೆಳಗ್ಗೆಯೇ ಗಾಳಿ ಒಲೆಯ ಬಾಯಿಯಿಂದ ಬಂದಂತಿತ್ತು. ಶಿಬಿರವನ್ನು ಅರ್ಧಕ್ಕೇ ನಿಲ್ಲಿಸಿ ಹೊರಡುವುದೆಂದು ಮೇಡಂ ನಿರ್ಧರಿಸಿ, ಮೊದಲ ವ್ಯಾನನ್ನು ಕಳುಹಿಸಿಯೂ ಆಗಿತ್ತು. ಎರಡನೆಯದಕ್ಕೆ ಸಾಮಾನು ತುಂಬುತ್ತಿರುವಾಗ ಪಡುವಣ ಗುಡ್ಡದ ಹಿಂದೆ ಕಂದು ಹೊಗೆ ಎದ್ದಿತು. ನೋಡನೋಡುತ್ತಿದ್ದಂತೆ ಸೂರ್ಯ ಕೆಂಪು ಬಿಲ್ಲೆಯಾದ. ಫೋನುಗಳು ಸತ್ತವು. ರೈಲು ಬರುವಂಥ ಒಂದು ಮೊರೆತ ಕೇಳತೊಡಗಿತು; ಅಲ್ಲಿ ರೈಲೇ ಇರಲಿಲ್ಲ.

ಎಲ್ಲರೂ ವ್ಯಾನ್ ಹತ್ತಿದರು, ಯುನ್ ಎಂಬ ಅಜ್ಜನೊಬ್ಬರನ್ನು ಬಿಟ್ಟು. ಜಗುಲಿಯ ಮೆಟ್ಟಿಲ ಮೇಲೆ ಕುಳಿತ ಅವರು ಎರಡೂ ಕಿವಿಗಳನ್ನು ಮುಚ್ಚಿಕೊಂಡು, ಹೊಗೆಯನ್ನೇ ನೋಡುತ್ತಿದ್ದರು. ವಿದ್ಯಾರ್ಥಿಗಳು ಕೆಳಗಿಳಿದು ಅಂಗಲಾಚಿದರು. ಮೇಡಂ ಕಲಿಸಿದ್ದ ಗೌರವದ ಉದ್ದುದ್ದ ವಾಕ್ಯಗಳಲ್ಲೇ, ತಾವು ದಯಮಾಡಿ ಏಳುವ ಕೃಪೆ ತೋರಬಹುದೇ ಎಂದು, ಅಳುತ್ತ ಬೇಡಿಕೊಂಡರು. ಎತ್ತಲು ಹೋದರೆ ಅವರು ಕಂಬವನ್ನು ತಬ್ಬಿಹಿಡಿದರು. ಉರಿಯುವ ತೊಗಟೆಯ ಚೂರುಗಳು ಅಂಗಳಕ್ಕೆ ಬೀಳತೊಡಗಿದವು.

ಚಾಲಕನ ಸೀಟಿನಲ್ಲಿ ಆಶ್ಲೆ ಇದ್ದ. ಡಾಕ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ ಮಂಗಳೂರಿನ ಕೊಂಕಣಿ ಮನೆಯ ಹುಡುಗ. ತರಗತಿಯಲ್ಲಿ ‘ಸೊನ್ಸೆಂಗ್‌ನಿಮ್’ ಎಂದಲ್ಲದೆ ಮೇಡಂ ಅವರನ್ನು ಬೇರೆ ಕರೆದವನಲ್ಲ. ಆಗ ಮಾತ್ರ, "ಆಂಟಿ, ಪ್ಲೀಸ್! ರೋಡ್ ಕ್ಲೋಸ್ ಆಗತ್ತೆ ಆಂಟಿ!" ಎಂದು ಚೀರಿದ.

ಮೇಡಂ ಯುನ್ ಅವರ ಮುಂದೆ ಹೋಗಿ ನಿಂತರು. "ಇರೊನಾ! ತಾ!" ಎಂದು ಕೂಗಿದರು.

ಎದ್ದೇಳು, ವ್ಯಾನ್ ಹತ್ತು ಎಂದಷ್ಟೇ ಅದರ ಅರ್ಥ. ಆದರೆ ಅದು ಮಕ್ಕಳಿಗೆ, ತಮ್ಮಂದಿರಿಗೆ ಹೇಳುವ ಬರಿಯ ಏಕವಚನ; ಎಂಬತ್ತರ ಹತ್ತಿರದ ಹಿರಿಯರಿಗೆ ಹಾಗೆ ಹೇಳುವುದೆಂದರೆ ಕೆನ್ನೆಗೆ ಹೊಡೆದಂತೆ. ಯುನ್ ತಲೆಯೆತ್ತಿ ಮೇಡಂ ಅವರನ್ನು ನೋಡಿದರು, ಕಂಬವನ್ನು ಬಿಟ್ಟರು, ಎದ್ದರು. ಓಡಿಬಂದು ವ್ಯಾನ್ ಹತ್ತಿದರು.

ಇಳಿಯುವ ದಾರಿಯಲ್ಲಿ ಎದುರಿನ ರಸ್ತೆಯ ಗೆರೆಯೂ ಕಾಣುತ್ತಿರಲಿಲ್ಲ. ಗಾಜಿಗೆ ಕೆಂಡ ಬಡಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಪ್ರಾರ್ಥಿಸುತ್ತಿದ್ದರು. ಮೇಡಂ ನನ್ನ ಕೈ ಹಿಡಿದಿದ್ದರು. ಕೆಳಗಿನ ಪಟ್ಟಣದ ಆಟದ ಮೈದಾನಕ್ಕೆ ಬಂದು ನಿಂತಾಗ ಆಶ್ಲೆಯ ಬೆರಳುಗಳನ್ನು ಸ್ಟಿಯರಿಂಗ್‌ನಿಂದ ಬಿಡಿಸಬೇಕಾಯಿತು. ನಾವು ತಂಗಿದ್ದ ವಸತಿಗೃಹ ಉಳಿಯಲಿಲ್ಲವೆಂದು ಮರುದಿನ ತಿಳಿಯಿತು. ಅಕ್ಕಪಕ್ಕದ ಮನೆಗಳವರಲ್ಲಿ ಎಲ್ಲರೂ ಕೆಳಗಿಳಿದಿರಲಿಲ್ಲ. ಅದನ್ನು ಬರೆಯಲು ಇಂದಿಗೂ ನನ್ನ ಕೈ ಏಳದು.

ಪರಿಹಾರ ಕೇಂದ್ರದ ಸಭಾಂಗಣದಲ್ಲಿ ಮೇಡಂ ಯುನ್ ಅವರ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ ಕ್ಷಮೆ ಬೇಡಿದರು. ಆ ಹಿರಿಯರು ಕೊರಿಯನ್ನಿನಲ್ಲಿ ಹೇಳಿದರು:

"ಯುದ್ಧದ ವರ್ಷ ನಮ್ಮ ಊರು ಉರಿಯುವಾಗಲೂ ನಾನು ಹೀಗೇ ಕೂತುಬಿಟ್ಟಿದ್ದೆ. ಅಕ್ಕ ಬೈದು ಎಬ್ಬಿಸಿ ಓಡಿಸಿದಳು. ಅವಳು ಹಿಂದೆ ಉಳಿದಳು. ಇವತ್ತು ಹೊಗೆ ಕಂಡಾಗ ನಾನು ಮತ್ತೆ ಆ ಊರಲ್ಲೇ ಇದ್ದೆ. ನೀವು ಕೂಗಿದಿರಿ; ಅಕ್ಕ ಬಂದಳು ಅಂತ ಎದ್ದೆ."

ಮೇಡಂ ತಲೆಯೆತ್ತಲಿಲ್ಲ.

ಈಗ ಮತ್ತೆ ಬೇಸಗೆ ಬಂದಿದೆ. ಬಡಗಣ ಬಿಸಿಗಾಳಿ ಬೀಸಿದ ದಿನ ನನಗೆ ನಿದ್ದೆ ಹತ್ತದು. ನಿಮಗೂ ಹೆದರಿಕೆಯಾಗುತ್ತದೆಯೇ ಎಂದು ಮೊನ್ನೆ ಮೇಡಂ ಅವರನ್ನು ಕೇಳಿದೆ. "ಆಗದೆ ಉಂಟಾ? ರೇಡಿಯೋ ಆಫ್ ಮಾಡುವುದೇ ಇಲ್ಲ ನಾನು" ಎಂದರು. ಆಮೇಲೆ, "ಆ ದಿನ ರೇಡಿಯೋ ಬೆಳಗ್ಗೆಯಿಂದ ಎಚ್ಚರಿಕೆ ಹೇಳ್ತಾ ಇತ್ತು ವಿಜೇತಾ. ಅಜ್ಜ ಅಜ್ಜಿಯರಿಗೆ ಒಂದಕ್ಷರವೂ ಅರ್ಥ ಆಗ್ಲಿಲ್ಲ" ಎಂದರು. ಆಯುಷ್ಯವೆಲ್ಲ ಇತರರಿಗೆ ಕೊರಿಯನ್ ಕಲಿಸಿದ ಅವರು, ನಿವೃತ್ತಿಯ ಮರುವಾರದಿಂದಲೇ ಬಾಕ್ಸ್ ಹಿಲ್‌ನ ಒಂದು ಸಭಾಂಗಣದಲ್ಲಿ ಕೊರಿಯನ್ ಹಿರಿಯರಿಗೆ ಇಂಗ್ಲಿಷ್ ಕಲಿಸಲಿದ್ದಾರೆ: ಬೆಂಕಿ ಯಾವ ದಿಕ್ಕಿಗಿದೆ, ಗಾಳಿ ಎತ್ತ ತಿರುಗಿದೆ, ಯಾವ ರಸ್ತೆ ಮುಚ್ಚಿದೆ, ಯಾವಾಗ ಹೊರಡಬೇಕು ಎಂಬಷ್ಟನ್ನು. ಮೊದಲು ಹೆಸರು ಕೊಟ್ಟವರು ಯುನ್.

ನಮ್ಮ ಸೊನ್ಸೆಂಗ್‌ನಿಮ್ ನೂರ್ಕಾಲ ಬಾಳಲಿ, ಅವರ ಹೊಸ ತರಗತಿಯ ಬೆಂಚುಗಳು ಎಂದೂ ಬರಿದಾಗದಿರಲಿ. ಅಲ್ಲಿ ಅವರು ಕಲಿಸಲಿರುವ ಮಾತುಗಳು ಯಾರಿಗೂ, ಎಂದಿಗೂ ಬೇಕಾಗದಿರಲಿ.